ನಡುಹೊಳೆಯಲ್ಲಿ ಅಂಬಿಗ ಇಳಿದುಹೋದರೆ



ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನಗಳನ್ನು ಬೋಧಿಸಿ ನಿವೃತ್ತನಾದ ನನಗೆ ದೊಡ್ಡ ದೊಡ್ಡ ಗಣಕಯಂತ್ರಗಳ ವಿಚಾರ ಬರೆಯುವ ಅಧಿಕಾರವೆಲ್ಲಿಂದ ಬಂತೆಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ನಿಮ್ಮಲ್ಲಿಯೇ ಹಲವರು ಆ ಕ್ಷೇತ್ರದಲ್ಲಿ ದುಡಿಯುತ್ತಿದ್ದೀರಿ. ನಾನು ಎಲ್ಲಾದರೂ ಎಡವಿದ್ದರೆ ತಿದ್ದುವ ಹಕ್ಕು ನಿಮಗಿದೆ. ಆದರೆ ಇದು ಕೇವಲ ಯಂತ್ರದ ವಿಷಯವಲ್ಲ, ನಂಬಿಕೆಯ ವಿಷಯವೂ ಹೌದು ಎನಿಸಿದ್ದರಿಂದ ಲೇಖನಿ ಹಿಡಿದಿದ್ದೇನೆ.

ಮೊದಲು ಒಂದು ಹಳೆಯ ನೆನಪು. 1980ರ ದಶಕದ ಕೊನೆಯಲ್ಲಿ ನಮ್ಮ ಶಾಲೆಯಲ್ಲೊಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದು, ಮಸಿ ಹಾಕಿ, ಹಿಡಿಕೆ ತಿರುಗಿಸಿ ಪ್ರತಿ ತೆಗೆಯುತ್ತಿದ್ದೆವು. ನಮ್ಮ ಅಂಗಿಯ ತೋಳಿಗಂಟಿದ ಕಪ್ಪು ಮಸಿ ಹಿರಿಯ ಶಿಷ್ಯರಿಗೆ ಇಂದಿಗೂ ನೆನಪಿರಬೇಕು. ಒಂದು ವರ್ಷ ಅರ್ಧವಾರ್ಷಿಕ ಪರೀಕ್ಷೆಗೆ ವಾರವಿರುವಾಗ ಕಾಗದವನ್ನು ಒಳಗೆಳೆಯುವ ರಬ್ಬರ್ ಉರುಳೆ ಬಿರುಕುಬಿಟ್ಟು ನಿಂತುಹೋಯಿತು. ಯಂತ್ರ ಮಾರಿದ್ದ ಅಂಗಡಿಗೆ ಬರೆದ ಕಾಗದಕ್ಕೆ, ಆ ಮಾದರಿಯ ಬಿಡಿಭಾಗ ಈಗ ಬರುವುದಿಲ್ಲ, ಹೊಸ ಯಂತ್ರ ಕೊಳ್ಳಿರೆಂದು ಎರಡು ಸಾಲಿನ ಉತ್ತರ ಬಂತು. ಹೊಸ ಯಂತ್ರಕ್ಕೆ ನಮ್ಮಲ್ಲಿ ಹಣವೆಲ್ಲಿತ್ತು? ಆ ಸಲದ ಪ್ರಶ್ನೆಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ಪರೀಕ್ಷೆ ಮುಗಿಸಿದೆವು.

ಆಮೇಲೆ ಊರಿನ ಸೈಕಲ್ ಅಂಗಡಿಯವನೊಬ್ಬ ಬಂದು ಯಂತ್ರದ ಮುಚ್ಚಳ ಬಿಚ್ಚಿ ನೋಡಿದ. ಬಡಗಿಯಿಂದ ಮರದ ದಿಂಡೊಂದನ್ನು ಕಡೆಸಿ ತಂದು, ಅದರ ಮೇಲೆ ಹಳೆಯ ಸೈಕಲ್ ಟ್ಯೂಬನ್ನು ಬಿಗಿಯಾಗಿ ಎಳೆದು ಕೂರಿಸಿದ. ಯಂತ್ರ ಮತ್ತೆ ಐದಾರು ವರ್ಷ ನಡೆಯಿತು. ಅವನು ಎಂಜಿನಿಯರಲ್ಲ, ಹತ್ತನೆಯ ತರಗತಿ ದಾಟಿದವನೂ ಅಲ್ಲ. ಆದರೆ ಯಂತ್ರದ ಒಡಲು ಅವನ ಕಣ್ಣೆದುರಿಗೆ ತೆರೆದಿತ್ತು; ಕಂಡದ್ದನ್ನು ಮಾಡುವ ಕೈ ಅವನಿಗಿತ್ತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ, ದಸರಾ ರಜೆಯಲ್ಲಿ, ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. 1986ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು, ಗಣಿತದಲ್ಲಿ ಬುದ್ಧಿವಂತ. ಒಂದು ದೊಡ್ಡ ಕಾರ್ಖಾನೆಯ ಗಣಕ ವಿಭಾಗದಲ್ಲಿ ಮೊದಲಿನಿಂದಲೂ ದುಡಿಯುತ್ತಿದ್ದಾನೆ. ಕಾಫಿ ಲೋಟ ಕೈಯಲ್ಲೇ ಉಳಿದಿತ್ತು, ಮುಖ ಬಾಡಿತ್ತು.

"ಏನಪ್ಪಾ, ಮನೆಯಲ್ಲಿ ಎಲ್ಲ ಆರೋಗ್ಯವೇ?" ಎಂದೆ.

"ಮನೆಯಲ್ಲೆಲ್ಲ ಚೆನ್ನಾಗಿದ್ದಾರೆ ಸಾರ್. ಕೆಲಸದ್ದೇ ಯೋಚನೆ. ಇಪ್ಪತ್ತು ವರ್ಷದಿಂದ ಒಂದೇ ತಂತ್ರಾಂಶ ನೋಡಿಕೊಳ್ಳುತ್ತಿದ್ದೇನೆ. ಅದು ಕೆಟ್ಟಿಲ್ಲ, ಒಂದು ದಿನವೂ ಕೈಕೊಟ್ಟಿಲ್ಲ. ಆದರೆ ಮಾರಿದವರು ಇನ್ನು ಎರಡು ವರ್ಷ ಮಾತ್ರ ಬೆಂಬಲ, ಆಮೇಲೆ ನಮ್ಮನ್ನು ಕೇಳಬೇಡಿ ಅಂತ ಕಾಗದ ಕಳಿಸಿದ್ದಾರೆ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಗೊತ್ತಿರುವುದೆಲ್ಲ ಇನ್ನು ಹಳೇ ಪೇಪರ್ ಆಯ್ತಾ ಸಾರ್?" ಎಂದು ಕೇಳಿದ.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಕೆಡದ ವಸ್ತುವಿಗೆ ಬೆಂಬಲವೇಕೆ ಎಂದೇ ನಾನು ಮರುಪ್ರಶ್ನೆ ಹಾಕಿದ್ದೆ. ಅವನು ಬಿಡಿಸಿ ಹೇಳಿದ. ತಂತ್ರಾಂಶ ಸವೆಯುವುದಿಲ್ಲ, ನಿಜ. ಆದರೆ ಅದು ಕುಳಿತಿರುವ ಯಂತ್ರ ಸವೆಯುತ್ತದೆ. ಹೊಸ ಯಂತ್ರ ತಂದರೆ ಹಳೆಯ ತಂತ್ರಾಂಶಕ್ಕೆ ಅದರ ಭಾಷೆ ತಿಳಿಯದು; ಮಾರಿದವರೇ ತಿದ್ದಿಕೊಡಬೇಕು. ಕಳ್ಳರು ನುಸುಳುವ ಕಿಂಡಿಯೊಂದು ಪತ್ತೆಯಾದರೆ ಮುಚ್ಚಿಕೊಡುವವರೂ ಅವರೇ. ಕೊಂಡವನ ಕೈಯಲ್ಲಿರುವುದು ಬಳಸುವ ಅನುಮತಿ ಮಾತ್ರ. ಸೋರ್ಸ್ ಕೋಡ್ ಎನ್ನುವ ಮೂಲ ಬರಹ ಮಾರಿದವರ ಪೆಟ್ಟಿಗೆಯಲ್ಲಿಯೇ ಇರುತ್ತದೆ. ನಮ್ಮ ಸೈಕಲ್ ಅಂಗಡಿಯವನು ಇಲ್ಲಿ ಬಂದರೆ ಬಿಚ್ಚಲು ಮುಚ್ಚಳವೇ ಇಲ್ಲ!

ಶಿಷ್ಯನ ಕಾರ್ಖಾನೆಯ ವಿವರಗಳನ್ನು ಇಲ್ಲಿ ಬರೆಯುವುದು ಸಲ್ಲದು. ಆದರೆ ಇಂಥದೇ ಸಂಕಟದ ಒಂದು ಪ್ರಸಂಗ ಲೋಕಕ್ಕೆಲ್ಲ ತಿಳಿದಿರುವಂಥದು. ಅವನು ಹೋದ ಮೇಲೆ ಅದನ್ನು ಓದಿ ತಿಳಿದುಕೊಂಡೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1957ರಲ್ಲಿ ಹುಟ್ಟಿದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆ 1977ರಲ್ಲಿ 'ವ್ಯಾಕ್ಸ್' ಎಂಬ ಗಣಕವನ್ನೂ ಅದರ ಜೊತೆಗೆ 'ವಿಎಂಎಸ್' ಎಂಬ ಕಾರ್ಯಾಚರಣ ವ್ಯವಸ್ಥೆಯನ್ನೂ ಹೊರತಂದಿತು. ಮುಂದೆ ಇದಕ್ಕೆ 'ಓಪನ್‌ವಿಎಂಎಸ್' ಎಂಬ ಹೆಸರಾಯಿತು. ಕೋಣೆ ತುಂಬುವ ಮೇನ್‌ಫ್ರೇಮ್‌ಗಿಂತ ಚಿಕ್ಕದಾದರೂ ಮೇನ್‌ಫ್ರೇಮ್ ಮಾಡುವ ಹೊಣೆಯ ಕೆಲಸಗಳನ್ನೇ ಇದು ಹೊತ್ತುಕೊಂಡಿತು. ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ, ಷೇರುಪೇಟೆಗಳಲ್ಲಿ ವರ್ಷಗಟ್ಟಲೆ ನಿಲ್ಲದೆ ಓಡುವ ವ್ಯವಸ್ಥೆಯೆಂದು ಹೆಸರು ಗಳಿಸಿತು. ಹಲವು ಯಂತ್ರಗಳನ್ನು ಒಂದೇ ಕುಟುಂಬದಂತೆ ಜೋಡಿಸಿ, ಒಂದು ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುವಂತೆ ಮಾಡುವ ವಿದ್ಯೆಯನ್ನು ಇದು 1980ರ ದಶಕದಲ್ಲಿಯೇ ಕರಗತ ಮಾಡಿಕೊಂಡಿತ್ತು.

ನಮಗೂ ಇದು ಅಪರಿಚಿತವಲ್ಲ. ರೈಲ್ವೆಯ ಮುಂಗಡ ಟಿಕೆಟ್ ಕಾಯ್ದಿರಿಸುವ ಕೆಲಸ ಒಂದು ಕಾಲಕ್ಕೆ ದಪ್ಪ ದಪ್ಪ ಪುಸ್ತಕಗಳಲ್ಲಿ ನಡೆಯುತ್ತಿತ್ತು. ಅರಸೀಕೆರೆ ಜಂಕ್ಷನ್ನಿನ ಕಿಟಕಿಯ ಮುಂದೆ ನಿಂತು, ಗುಮಾಸ್ತರು ಪುಟ ತಿರುವುವುದನ್ನು ಕಾದವನು ನಾನು. 1980ರ ದಶಕದ ನಡುವಿನಲ್ಲಿ ದೆಹಲಿಯಲ್ಲಿ ಈ ಕೆಲಸಕ್ಕೆ ಗಣಕ ಬಂದದ್ದು ವ್ಯಾಕ್ಸ್ ರೂಪದಲ್ಲಿಯೇ. ಆಮೇಲೆ ರೈಲ್ವೆಯ ಸ್ವಂತ ಸಂಸ್ಥೆ 'ಕ್ರಿಸ್' ರೂಪಿಸಿದ 'ಕಾನ್ಸರ್ಟ್' ಎಂಬ ತಂತ್ರಾಂಶ 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಜಾರಿಗೆ ಬಂದು, 1999ರ ಹೊತ್ತಿಗೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳನ್ನು ಒಂದೇ ಜಾಲಕ್ಕೆ ಕಟ್ಟಿತು. ಯಾವ ಊರಿನಿಂದ ಯಾವ ಊರಿಗಾದರೂ ಯಾವ ಕಿಟಕಿಯಲ್ಲಾದರೂ ಟಿಕೆಟ್ ಸಿಗುವ ಭಾಗ್ಯ ಬಂದದ್ದು ಹೀಗೆ. 2010ರಲ್ಲಿ ಅಳವಡಿಸಿದ ವ್ಯವಸ್ಥೆಯು ಇಟಾನಿಯಂ ಯಂತ್ರಗಳ ಮೇಲೆ ಓಪನ್‌ವಿಎಂಎಸ್‌ನಲ್ಲಿ ಓಡುತ್ತಿದೆ, ಅದನ್ನು ಬದಲಿಸಬೇಕಾಗಿದೆ ಎಂದು 2025ರಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಕಾಶಿಗೆ ಹೋದವರು, ಮುಂಬಯಿಯ ಮಗಳ ಮನೆಗೆ ಹೋದವರು, ಎಷ್ಟು ಮಂದಿ ಹೆಸರೂ ಕೇಳದ ಈ ವ್ಯವಸ್ಥೆಯ ಋಣದಲ್ಲಿದ್ದೇವೆ!

ಇಂಥ ವ್ಯವಸ್ಥೆಯ ಒಡೆತನ ಮಾತ್ರ ಕೈಯಿಂದ ಕೈಗೆ ಹೋಯಿತು. 1998ರಲ್ಲಿ ಕಾಂಪ್ಯಾಕ್ ಸಂಸ್ಥೆ ಡಿಜಿಟಲ್ ಅನ್ನು ಕೊಂಡಿತು. 2002ರಲ್ಲಿ ಹ್ಯೂಲೆಟ್ ಪ್ಯಾಕರ್ಡ್, ಅಂದರೆ ಎಚ್‌ಪಿ, ಕಾಂಪ್ಯಾಕನ್ನು ಕೊಂಡಿತು. ಕೊಂಡವರಿಗೆ ಇದು ಮನೆಯ ಮಗುವಲ್ಲ, ಬಳುವಳಿಯಾಗಿ ಬಂದ ಮಗು. ಬಳಕೆದಾರರು ವ್ಯಾಕ್ಸ್‌ನಿಂದ 'ಆಲ್ಫಾ' ಎಂಬ ಯಂತ್ರಕ್ಕೆ, ಆಲ್ಫಾದಿಂದ ಇಟಾನಿಯಂಗೆ ಹೇಳಿದಂತೆಲ್ಲ ಹಿಂಬಾಲಿಸಿದರು. 2009ರ ಸುಮಾರಿಗೆ ಇದರ ಅಭಿವೃದ್ಧಿಯ ಕೆಲಸ ನಮ್ಮ ಬೆಂಗಳೂರಿಗೇ ಬಂತು. ಕೊನೆಗೆ 2013ರ ಜೂನ್ ತಿಂಗಳಲ್ಲಿ ಎಚ್‌ಪಿ ಒಂದು ಪ್ರಕಟಣೆ ಹೊರಡಿಸಿತು: ಇಟಾನಿಯಂನ ಹೊಸ ಪೀಳಿಗೆಯ ಯಂತ್ರಗಳಿಗೆ ಓಪನ್‌ವಿಎಂಎಸ್ ಅನ್ನು ಸಿದ್ಧಪಡಿಸುವುದಿಲ್ಲ, ಇರುವ ಯಂತ್ರಗಳಿಗೆ 2020ರ ಕೊನೆಯವರೆಗೆ ಬೆಂಬಲವಿರುತ್ತದೆ.

ಏಳು ವರ್ಷವೆಂದರೆ ಧಾರಾಳವಲ್ಲವೇ ಎಂದು ನಿಮಗೆ ಅನ್ನಿಸಬಹುದು. ಆದರೆ ಮೂವತ್ತು ವರ್ಷಗಳಿಂದ ಸಾಲಿನ ಮೇಲೆ ಸಾಲು ಸೇರಿಸುತ್ತ ಬಂದ ಕ್ರಮವಿಧಿಯನ್ನು ಬೇರೆಡೆಗೆ ಸಾಗಿಸುವುದು ಬಾಡಿಗೆ ಮನೆ ಬದಲಿಸಿದಂತಲ್ಲ. ಯಾವ ಸಾಲನ್ನು ಯಾರು ಏಕೆ ಬರೆದರೆಂಬುದು ಬರೆದವರೊಂದಿಗೇ ನಿವೃತ್ತವಾಗಿರುತ್ತದೆ. ಅವಸರಪಟ್ಟರೆ ಏನಾಗಬಹುದೆಂಬುದಕ್ಕೆ, ಕಾರಣ ಬೇರೆಯಾದರೂ, ಇಂಗ್ಲೆಂಡಿನ ಟಿಎಸ್‌ಬಿ ಬ್ಯಾಂಕು ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಅದು ತನ್ನ ಖಾತೆಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಒಂದೇ ಬಾರಿಗೆ ಸಾಗಿಸಲು ಹೋಗಿ, ಸುಮಾರು 19 ಲಕ್ಷ ಗ್ರಾಹಕರು ತಮ್ಮ ಹಣವನ್ನೇ ಮುಟ್ಟಲಾರದಂತಾಯಿತು. 2022ರಲ್ಲಿ ಅಲ್ಲಿನ ನಿಯಂತ್ರಕರು ಆ ಬ್ಯಾಂಕಿಗೆ 4.8 ಕೋಟಿ ಪೌಂಡಿಗೂ ಮೀರಿದ ದಂಡ ವಿಧಿಸಿದರು. ಹಳತನ್ನು ಬಿಡಲು ಗ್ರಾಹಕರು ಹೆದರುವುದು ಸೋಮಾರಿತನದಿಂದ ಮಾತ್ರವಲ್ಲ.

ಆದರೆ ಈ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ನನಗೆ ಹಿಡಿಸಿದ ಭಾಗ. 2014ರ ಜುಲೈ ಕೊನೆಯಲ್ಲಿ ಎಚ್‌ಪಿ, ವಿಎಂಎಸ್ ಸಾಫ್ಟ್‌ವೇರ್ ಎಂಬ ಹೊಸ ಚಿಕ್ಕ ಸಂಸ್ಥೆಯೊಂದಕ್ಕೆ ಓಪನ್‌ವಿಎಂಎಸ್‌ನ ಮುಂದಿನ ಆವೃತ್ತಿಗಳನ್ನು ಬೆಳೆಸುವ ಪರವಾನಗಿ ಕೊಟ್ಟಿತು. ಅಲ್ಲಿ ಸೇರಿಕೊಂಡವರಲ್ಲಿ ಹಲವರು ಡಿಜಿಟಲ್ ಕಾಲದ ಹಳೆಯ ಎಂಜಿನಿಯರುಗಳು. ಅವರು 2015ರಲ್ಲಿ, ಎಚ್‌ಪಿ ಕೈಬಿಟ್ಟಿದ್ದ ಅದೇ ಹೊಸ ಇಟಾನಿಯಂ ಯಂತ್ರಗಳಿಗೆ ಹೊಂದುವ ಆವೃತ್ತಿಯನ್ನು ಹೊರತಂದರು. ಬಳಿಕ ನಾವು ನೀವು ಬಳಸುವ ಸಾಮಾನ್ಯ ಗಣಕಗಳ ಜಾತಿಯಾದ ಎಕ್ಸ್86 ಯಂತ್ರಗಳಿಗೆ ಅದನ್ನು ಒಗ್ಗಿಸುವ ಕೆಲಸಕ್ಕೆ ಕೈಹಾಕಿ, 2022ರ ಜುಲೈನಲ್ಲಿ 9.2ನೆಯ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಅಷ್ಟರಲ್ಲಿ, 2021ರ ಜುಲೈನಲ್ಲಿ, ಇಂಟೆಲ್ ತನ್ನ ಇಟಾನಿಯಂನ ಕೊನೆಯ ಕಂತನ್ನು ಕಳಿಸಿ ಬಾಗಿಲು ಮುಚ್ಚಿತ್ತು. ಆ ಚಿಕ್ಕ ಸಂಸ್ಥೆ ಇಲ್ಲದಿದ್ದರೆ ಬಳಕೆದಾರರಿಗೆ ಹೊಸ ಯಂತ್ರವೂ ಇಲ್ಲ, ದಾರಿಯೂ ಇಲ್ಲ ಎಂಬ ಸ್ಥಿತಿ ಬರುತ್ತಿತ್ತು.

ಇದೇ ಎಚ್‌ಪಿಯ ಇನ್ನೊಂದು ಪ್ರಸಂಗವನ್ನು ಪಕ್ಕದಲ್ಲಿಟ್ಟು ನೋಡಿ. 1972ರಿಂದ ಮಾರುತ್ತ ಬಂದಿದ್ದ 'ಎಚ್‌ಪಿ 3000' ಎಂಬ ಗಣಕಗಳ ಬೆಂಬಲವನ್ನು 2006ರ ಕೊನೆಗೆ ನಿಲ್ಲಿಸುವುದಾಗಿ 2001ರ ನವೆಂಬರಿನಲ್ಲಿ ಅದು ಸಾರಿತು. ಗ್ರಾಹಕರು ಕಂಗಾಲಾದರು. ಅವರಲ್ಲಿ ಕೆಲವರು 'ಓಪನ್‌ಎಂಪಿಇ' ಎಂಬ ಕೂಟ ಕಟ್ಟಿಕೊಂಡು, ನೀವು ಬಿಡುವುದಾದರೆ ಮೂಲ ಬರಹವನ್ನಾದರೂ ಕೊಡಿ, ನಾವು ನೋಡಿಕೊಳ್ಳುತ್ತೇವೆ ಎಂದು ವರ್ಷಗಟ್ಟಲೆ ಕೇಳಿದರು. ಬೆಂಬಲದ ಗಡುವು 2008ಕ್ಕೆ, ಆಮೇಲೆ 2010ಕ್ಕೆ ಮುಂದೆ ಹೋಯಿತು. ಮೂಲ ಬರಹದ ಪರವಾನಗಿ ಕೆಲವರ ಕೈಗೆ ಸಿಕ್ಕಿತಾದರೂ ಅದು ಸಿಕ್ಕಿದ್ದು ಕೊನೆಯ ಹೊತ್ತಿನಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ಆ ಯಂತ್ರವನ್ನೇ ತೊರೆದಿದ್ದರು. ಔಷಧ ಒಂದೇ, ಒಂದು ಕಡೆ ಒಂದೇ ವರ್ಷದಲ್ಲಿ ಸಿಕ್ಕಿತು, ಇನ್ನೊಂದು ಕಡೆ ರೋಗಿ ಮಲಗಿದ ಮೇಲೆ ಸಿಕ್ಕಿತು.

ನನ್ನ ಅಭಿಪ್ರಾಯವನ್ನು ಈಗ ನೇರವಾಗಿ ಹೇಳಿಬಿಡುತ್ತೇನೆ. ಮಾರುವವನಿಗೆ ವ್ಯಾಪಾರ ನಿಲ್ಲಿಸುವ ಹಕ್ಕಿದೆ. ನಷ್ಟದಲ್ಲಿ ಎಂದೆಂದಿಗೂ ದುಡಿ ಎಂದು ಯಾರೂ ಯಾರಿಗೂ ಹೇಳಲಾಗದು. ಆದರೆ ನಿಲ್ಲಿಸುವಾಗ ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನೂ ಹೊತ್ತೊಯ್ಯುವ ಹಕ್ಕು ಅವನಿಗಿಲ್ಲ. ತಾನು ಇನ್ನು ಹುಟ್ಟು ಹಾಕಲಾರೆನಾದರೆ ಆ ಹುಟ್ಟನ್ನು ದೋಣಿಯಲ್ಲಿರುವವರ ಕೈಗೆ ಕೊಟ್ಟು ಇಳಿಯಬೇಕು. ಅದನ್ನು ಹೊಳೆಗೆ ಎಸೆದು ಇಳಿಯುವುದು ವ್ಯಾಪಾರವೂ ಅಲ್ಲ, ಧರ್ಮವೂ ಅಲ್ಲ.

ಇದಕ್ಕೆ ಬರುವ ಆಕ್ಷೇಪಣೆ ನನಗೆ ತಿಳಿಯದ್ದಲ್ಲ. ಮೂಲ ಬರಹ ಸಂಸ್ಥೆಯ ಆಸ್ತಿ, ಅದರಲ್ಲಿ ಬೇರೆಯವರಿಂದ ಪಡೆದ ಭಾಗಗಳೂ ಸೇರಿರುತ್ತವೆ, ಸುಮ್ಮನೆ ಹಂಚಲಾಗದು ಎನ್ನುತ್ತಾರೆ. ನಿಜ. ಆದರೆ ಓಪನ್‌ವಿಎಂಎಸ್ ವಿಷಯದಲ್ಲಿ ಸಂಸ್ಥೆ ಅದನ್ನು ಸಂತೆಯಲ್ಲಿ ಸುರಿಯಲಿಲ್ಲ; ಸಮರ್ಥರಾದವರಿಗೆ ಕರಾರಿನ ಮೇಲೆ ಪರವಾನಗಿ ಕೊಟ್ಟಿತು. ಇಲ್ಲಿಯವರೆಗೆ ಕೇಳಿದ ಮಾರ್ಗಗಳಲ್ಲಿ ಇದೊಂದು. ಇನ್ನೊಂದು ಮಾರ್ಗವೂ ಇದೆ. ಕೊಳ್ಳುವಾಗಲೇ ಮೂಲ ಬರಹದ ಪ್ರತಿಯನ್ನು ಮೂರನೆಯ ನಂಬಿಕಸ್ಥರ ಬಳಿ ಠೇವಣಿ ಇಡಿಸುವುದು, ಮಾರಿದವನು ಕೈಬಿಟ್ಟರೆ ಅಥವಾ ಮುಳುಗಿದರೆ ಅದು ಕೊಂಡವನಿಗೆ ಸೇರುವಂತೆ ಕರಾರು ಬರೆಯುವುದು. ಈ ಪದ್ಧತಿ ವ್ಯವಹಾರದಲ್ಲಿ ಆಗಲೇ ಬಳಕೆಯಲ್ಲಿದೆ. ಕೇಳುವ ಗಿರಾಕಿ ಬೇಕು ಅಷ್ಟೆ.

ಮೂರನೆಯದು ದೀರ್ಘ ಮುನ್ಸೂಚನೆ. ಜಪಾನಿನ ಫುಜಿತ್ಸು ಸಂಸ್ಥೆ ತನ್ನ ಮೇನ್‌ಫ್ರೇಮ್ ಮಾರಾಟವನ್ನು 2030ರ ಆರ್ಥಿಕ ವರ್ಷಕ್ಕೆ ನಿಲ್ಲಿಸುವುದಾಗಿಯೂ ಬೆಂಬಲವನ್ನು 2035ರವರೆಗೆ ಮುಂದುವರಿಸುವುದಾಗಿಯೂ 2022ರಲ್ಲಿಯೇ ಹೇಳಿತು. ಹದಿಮೂರು ವರ್ಷಗಳ ಕಾಲಾವಕಾಶ. ಗ್ರಾಹಕನಿಗೆ ಇದು ಸಂತೋಷದ ಸುದ್ದಿಯಲ್ಲದಿದ್ದರೂ ಲೆಕ್ಕ ಹಾಕಿ ಹೊರಡಲು ಸಮಯವಿದೆ. ಇನ್ನು ಐಬಿಎಂ ಸಂಸ್ಥೆಯದು ಬೇರೆಯೇ ದಾರಿ. 1964ರಲ್ಲಿ ಅದು ಸಾರಿದ 'ಸಿಸ್ಟಂ 360' ಗಣಕಕ್ಕಾಗಿ ಬರೆದ ಎಷ್ಟೋ ಕ್ರಮವಿಧಿಗಳು ಅದರ ಇಂದಿನ ಮೇನ್‌ಫ್ರೇಮ್‌ಗಳಲ್ಲೂ ನಡೆಯುವಂತೆ ಅದು ಕಾಪಾಡಿಕೊಂಡು ಬಂದಿದೆ. ಧರ್ಮಕ್ಕಾಗಿ ಅಲ್ಲ, ಲಾಭಕ್ಕಾಗಿಯೇ ಇರಲಿ. ನಂಬಿಕೆ ಉಳಿಸಿಕೊಂಡೂ ಲಾಭ ಮಾಡಬಹುದೆಂದು ತೋರಿಸಿತಲ್ಲ!

ಮಾರಿದವರನ್ನಷ್ಟೇ ದೂರಿ ಮುಗಿಸಿದರೆ ಮೇಷ್ಟ್ರ ಪಾಠ ಅರ್ಧವಾದೀತು. ಕೊಂಡವರ ತಪ್ಪೂ ಇದೆ. ಅಪ್ಪ ಹಾಕಿದ ಆಲದಮರವೆಂದು ಅದಕ್ಕೇ ಜೋತುಬೀಳುವವರು ನಮ್ಮಲ್ಲಿ ಕಡಿಮೆಯಿಲ್ಲ. ವ್ಯವಸ್ಥೆ ಚೆನ್ನಾಗಿ ನಡೆಯುತ್ತಿರುವಷ್ಟು ಕಾಲ ಅದರ ಒಳಗುಟ್ಟನ್ನು ಬರೆದಿಡುವುದಕ್ಕೆ ಯಾರೂ ಹಣ ಕೊಡುವುದಿಲ್ಲ. ತಿಳಿದವನೊಬ್ಬನಿದ್ದಾನೆ, ಅವನು ನೋಡಿಕೊಳ್ಳುತ್ತಾನೆ ಎಂಬ ಧೈರ್ಯ. ಅವನಿಗೊಬ್ಬ ಶಿಷ್ಯನನ್ನು ಕೊಡುವುದಿಲ್ಲ. ಕಾಗದ ಬಂದ ದಿನ ಎಲ್ಲರೂ ಅವನ ಮುಖ ನೋಡುತ್ತಾರೆ. ಬಾಯಾರಿದಾಗ ಬಾವಿ ತೋಡಿದಂತೆ! ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ 2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದ ನಿರುದ್ಯೋಗ ಭತ್ಯೆಯ ಅರ್ಜಿಗಳ ಭಾರಕ್ಕೆ ಹಳೆಯ ಮೇನ್‌ಫ್ರೇಮ್ ವ್ಯವಸ್ಥೆ ಏದುಸಿರು ಬಿಡುತ್ತಿದ್ದಾಗ, ಕೋಬಾಲ್ ಭಾಷೆ ತಿಳಿದವರು ಸ್ವಯಂಸೇವಕರಾಗಿ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಅಲ್ಲಿ ಯಾವ ಕಂಪನಿಯೂ ಕೈಕೊಟ್ಟಿರಲಿಲ್ಲ. ಬಲ್ಲವರನ್ನು ಬೆಳೆಸದಿದ್ದ ಫಲ ಅದು.

ನಲವತ್ತು ವರ್ಷಗಳ ಹತ್ತಿರ ಪಾಠ ಹೇಳಿದ ನನಗೆ ಇದರಲ್ಲಿ ಪರಿಚಿತವಾದ ನೋವೊಂದು ಕಾಣುತ್ತದೆ. ಪಠ್ಯಕ್ರಮ ಬದಲಾದಾಗಲೆಲ್ಲ ಹಳೆಯ ಮೇಷ್ಟ್ರ ಟಿಪ್ಪಣಿ ಪುಸ್ತಕ ರದ್ದಿಗೆ ಹೋಗುತ್ತದೆ. ಯಾವ ಮಗು ಭಿನ್ನರಾಶಿಯಲ್ಲಿ ಎಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎಂಬ ತಿಳಿವಳಿಕೆ ಆ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿರುತ್ತದೆ. ಪಠ್ಯ ಹೋಗಲಿ, ಅಂಚಿನ ಬರಹ ಹೋಗಬಾರದಿತ್ತು.

ಅದಕ್ಕೇ ಆ ಶಿಷ್ಯ ಮುಂದಿನ ಸಲ ಬಂದಾಗ ಅವನಿಗೆ ಹೇಳಿದೆ: "ನಿನಗೆ ಗೊತ್ತಿರುವುದು ಹಳೇ ಪೇಪರ್ ಅಲ್ಲಪ್ಪಾ. ಆ ತಂತ್ರಾಂಶ ನಾಳೆ ಹೋದರೂ, ಕಾರ್ಖಾನೆಯ ಲೆಕ್ಕ ಏಕೆ ಹೀಗೇ ನಡೆಯಬೇಕು ಎಂಬುದು ನಿನ್ನ ತಲೆಯಲ್ಲಿದೆ. ಅದನ್ನು ಬರೆ." ಅವನು ನಕ್ಕು, ಆಗಲೇ ಶುರು ಮಾಡಿದ್ದೇನೆ ಸಾರ್ ಎಂದ. ಅವನ ಕಾರ್ಖಾನೆ ಕೊನೆಗೆ ಬೇರೆಯವರಿಂದ ಹಳೆಯ ಯಂತ್ರಗಳೆರಡನ್ನು ಕೊಂಡು ಬಿಡಿಭಾಗಕ್ಕೆಂದು ಗೋದಾಮಿನಲ್ಲಿಟ್ಟುಕೊಂಡು, ಹೊಸ ವ್ಯವಸ್ಥೆಗೆ ಒಂದೊಂದೇ ವಿಭಾಗವನ್ನು ಸಾಗಿಸುತ್ತಿದೆ. ಅವನ ಕೈಕೆಳಗೆ ಇಬ್ಬರು ಹುಡುಗಿಯರು ಕೆಲಸ ಕಲಿಯುತ್ತಿದ್ದಾರೆ. ಸಂಬಳದ ಪಟ್ಟಿ ಸಿದ್ಧಪಡಿಸುವ ಭಾಗದಲ್ಲಿ ಯಾರಿಗೂ ಅರ್ಥವಾಗದಿದ್ದ ನಾಲ್ಕು ಸಾಲುಗಳಿದ್ದುವಂತೆ. ತೆಗೆದುಹಾಕೋಣವೇ ಎಂದು ಒಬ್ಬಳು ಕೇಳಿದಳಂತೆ. ವರ್ಷಗಳ ಹಿಂದೆ ಕಾರ್ಮಿಕರೊಂದಿಗೆ ಆದ ಒಪ್ಪಂದವೊಂದರಂತೆ ರಾತ್ರಿ ಪಾಳಿಯವರಿಗೆ ಕೊಡಬೇಕಾದ ಹೆಚ್ಚುವರಿ ಹಣದ ಲೆಕ್ಕ ಅದು. ತೆಗೆದಿದ್ದರೆ ರಾತ್ರಿ ಪಾಳಿಯ ಅಷ್ಟೂ ಜನರ ಸಂಬಳ ಸದ್ದಿಲ್ಲದೆ ಕಡಿಮೆಯಾಗುತ್ತಿತ್ತು.

ನಿಮ್ಮಲ್ಲಿ ಕೆಲವರು ತಂತ್ರಾಂಶ ಮಾರುವ ಸಂಸ್ಥೆಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದೀರಿ. ಮುಂದೊಂದು ದಿನ ಸಭೆಯಲ್ಲಿ ಯಾವುದೋ ಹಳೆಯ ತಂತ್ರಾಂಶದ ಬೆಂಬಲ ನಿಲ್ಲಿಸುವ ಮಾತು ಬಂದಾಗ, ದಯವಿಟ್ಟು ಎರಡು ಪ್ರಶ್ನೆ ಕೇಳಿ: ಇದನ್ನು ನಂಬಿದವರಿಗೆ ಎಷ್ಟು ವರ್ಷ ಕೊಡುತ್ತಿದ್ದೇವೆ? ಕೀಲಿಕೈ ಯಾರಿಗೆ ಕೊಡುತ್ತಿದ್ದೇವೆ? ಇನ್ನು ಕೆಲವರು ಕೊಳ್ಳುವ ಕಡೆ ಇದ್ದೀರಿ. ನೀವು ಕರಾರಿಗೆ ಸಹಿ ಹಾಕುವ ಮೊದಲೇ ಆ ಎರಡು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಳ್ಳಿ. ಬಲ್ಲವನ ಪಕ್ಕದಲ್ಲಿ ಕಲಿಯುವವರೊಬ್ಬರನ್ನು ಕೂರಿಸಿ.

ಮುಂದಿನ ಸಲ ರೈಲಿನ ಟಿಕೆಟ್ ಕೈಗೆ ಬಂದಾಗ, ಅದರ ಹಿಂದೆ ಹಗಲಿರುಳು ಹೆಸರಿಲ್ಲದೆ ದುಡಿದವರನ್ನು ಒಂದು ಕ್ಷಣ ನೆನೆಯಿರಿ.